ಕೈ ಕಟ್ಟಿದ ಬೇಸಿಗೆ

ನಮ್ಮ ಮನೆಯಲ್ಲಿ ಊಟಕ್ಕೆ ಯಾರೂ ಸಾಲಾಗಿ ಕೂರುತ್ತಿರಲಿಲ್ಲ. ನಂಜನಗೂಡಿನ ನಮ್ಮ ಬೀದಿಯ ಉಳಿದ ಮನೆಗಳಲ್ಲಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು ಉಣ್ಣುವುದು ವಾಡಿಕೆ. ನಾವು ಮಾತ್ರ ಸಾರಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಅದರ ಸುತ್ತ ಕೂರುತ್ತಿದ್ದೆವು. ಸಾಲಾಗಿ ಕೂತರೆ ಪಕ್ಕದವರ ಕೈ ಸರಿಯಾಗಿ ಕಾಣುವುದಿಲ್ಲ. ಕೈ ಕಾಣದಿದ್ದರೆ ಮಾತು ತಪ್ಪಿಹೋಗುತ್ತದೆ. ಅಪ್ಪ, ಅವ್ವ, ನಾನು, ಮೂವರೂ ಹುಟ್ಟು ಕಿವುಡರು. ಕಿವಿ ಕೇಳುತ್ತಿದ್ದದ್ದು ಅಪ್ಪನ ತಾಯಿಯಾದ ನಮ್ಮಜ್ಜಿಗೆ ಮತ್ತು ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಗೌರಿಗೆ. ಬಲಗೈ ಮುದ್ದೆ ಮುರಿಯುವುದರಲ್ಲಿ ಇರುತ್ತಿದ್ದುದರಿಂದ ಊಟದ ಹೊತ್ತಿನ ಮಾತುಕತೆಯೆಲ್ಲ ಎಡಗೈಯಲ್ಲೇ ನಡೆಯಬೇಕು. ಹಾಗಾಗಿ ನಮ್ಮ ಭಾಷೆಗೆ ಊಟದ್ದೇ ಒಂದು ಬೇರೆ ವರಸೆ ಇತ್ತು. ಅರ್ಧ ಮಾತನ್ನು ಎಡಗೈ ಆಡಿದರೆ ಉಳಿದರ್ಧವನ್ನು ಹುಬ್ಬು, ಗಲ್ಲ, ಭುಜ ಸೇರಿ ಮುಗಿಸುತ್ತಿದ್ದವು. ಮನೆಗೆ ಬಂದ ನೆಂಟರು, ಅನ್ನದ ಮುಂದೆ ಹೀಗೆ ಎಡಗೈ ಎತ್ತಿ ಆಡಿಸುವುದನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ಅಜ್ಜಿ ಅವರಿಗೆ ಇನ್ನೊಂದು ಸೌಟು ಸಾರು ಬಿಟ್ಟು ಸುಮ್ಮನಾಗಿಸುತ್ತಿದ್ದಳು.

ಮನೆಯ ಮುಂಭಾಗದಲ್ಲಿ ಅಪ್ಪನ ಹಿಟ್ಟಿನ ಗಿರಣಿ. ಊರಿನ ಬಾಯಲ್ಲಿ ಅದು 'ಮೂಗಪ್ಪನ ಮಿಷನ್ನು'. ಅಪ್ಪನ ಹೆಸರು ಶಿವಮಲ್ಲಪ್ಪ ಎಂದು ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ. ಅಪ್ಪ ಮೂಗನಂತೂ ಅಲ್ಲ. ಅಷ್ಟು ಮಾತಾಡುವ ಇನ್ನೊಬ್ಬ ಗಂಡಸನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ. ಪುರಸಭೆಯ ಚುನಾವಣೆ, ರಸಬಾಳೆಗೆ ಬಂದ ರೋಗ, ಮೈಸೂರಿನಲ್ಲಿ ನೋಡಿ ಬಂದ ಸಿನಿಮಾದ ಹೊಡೆದಾಟ, ಎಲ್ಲವೂ ಅವನ ಕೈಯಲ್ಲಿ ಕಥೆಯಾಗುತ್ತಿದ್ದವು. ಗಿರಣಿ ಓಡುವಾಗ ಅದರ ಸದ್ದಿಗೆ ಕಿವಿ ಇದ್ದವರಿಗೂ ಏನೂ ಕೇಳುತ್ತಿರಲಿಲ್ಲವಂತೆ. ರಾಗಿ ತಂದ ಹೆಂಗಸರು ಗಂಟಲು ಹರಿದುಕೊಂಡು ಸುಸ್ತಾಗಿ, ಕೊನೆಗೆ ನಮ್ಮ ದಾರಿಗೇ ಬರುತ್ತಿದ್ದರು. ಹೆಬ್ಬೆಟ್ಟು ತೋರುಬೆರಳು ಸೇರಿಸಿ ಉಜ್ಜಿದರೆ ನುಣ್ಣಗೆ ಬೀಸು ಎಂದರ್ಥ, ಬೆರಳು ಬಿಡಿಸಿ ಕೊಡವಿದರೆ ತರಿ. ಆ ಸದ್ದಿನ ನಡುವೆ ನೆಮ್ಮದಿಯಾಗಿ ನಿಂತು ವ್ಯವಹಾರ ಮಾಡುತ್ತಿದ್ದವನು ಅಪ್ಪ ಒಬ್ಬನೇ. ಬೆಲ್ಟು ಸಡಿಲವಾದರೆ ಅವನ ಅಂಗಾಲಿಗೆ ಗೊತ್ತಾಗುತ್ತಿತ್ತು. ನಾನು ಕನ್ನಡದ ಅಕ್ಷರ ಕಲಿತದ್ದೂ ಅಲ್ಲೇ. ಹಿಟ್ಟಿನ ಡಬ್ಬಗಳ ಮೇಲೆ ಬಣ್ಣದಲ್ಲಿ ಬರೆದ ಗಿರಾಕಿಗಳ ಹೆಸರನ್ನು ಅಕ್ಕ ಒಂದೊಂದಾಗಿ ಮುಟ್ಟಿಸಿ, ಆ ಮನುಷ್ಯರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಈಗ ನಾನು ಕಿವುಡ ಮಕ್ಕಳಿಗೆ ಕನ್ನಡ ಕಲಿಸುವವಳು. ಆ ಡಬ್ಬಗಳಿಗಿಂತ ಒಳ್ಳೆಯ ಪಠ್ಯಪುಸ್ತಕ ನನಗೆ ಇನ್ನೂ ಸಿಕ್ಕಿಲ್ಲ.

ಒಳಗೆ ಅವ್ವನ ರಾಜ್ಯ. ಒಲೆಯ ಮೇಲಿನ ಗೋಡೆಗೆ ಅವಳು ಒಂದು ಕನ್ನಡಿ ಹಾಕಿಸಿಕೊಂಡಿದ್ದಳು, ಬೆನ್ನ ಹಿಂದೆ ಯಾರು ಬಂದರೂ ಕಾಣಲಿ ಎಂದು. ನಾನು ಬೆಲ್ಲ ಕದಿಯುವುದೂ ಅದರಲ್ಲಿ ಕಾಣುತ್ತಿತ್ತು. ಯಾರನ್ನಾದರೂ ಕರೆಯಬೇಕಾದರೆ ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದೆವು, ಇಲ್ಲವೇ ಸ್ವಿಚ್ಚು ಒತ್ತಿ ಬಲ್ಬನ್ನು ಮಿಟುಕಿಸುತ್ತಿದ್ದೆವು. ಅಪ್ಪ ಅವ್ವನ ಜಗಳ ನೋಡಬೇಕಿತ್ತು. ಅಪ್ಪನ ಕೈ ಗಾಳಿಯನ್ನೇ ಸೀಳುತ್ತಿದ್ದರೆ ಅವ್ವ ಎದುರು ನಿಂತು ತಣ್ಣಗೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಕಣ್ಣು ಮುಚ್ಚಿದವಳೊಂದಿಗೆ ಯಾವ ಗಂಡ ಜಗಳವಾಡುತ್ತಾನೆ? ಅಪ್ಪ ಬಲ್ಬನ್ನು ಆರಿಸಿ ಹೊತ್ತಿಸಿ, ಹೊತ್ತಿಸಿ ಆರಿಸಿ, ಕೊನೆಗೆ ತಾನೇ ನಗುತ್ತಿದ್ದ. ಬೆಳಿಗ್ಗೆ ದೊಡ್ಡವರೆಲ್ಲ ಸ್ನಾನ ಮಾಡಿ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಾಗ ಮಾತ್ರ ಮನೆ ಮೌನ, ಏಕೆಂದರೆ ಕೈಗೆ ಬಿಡುವಿಲ್ಲ. ಭಾನುವಾರವಂತೂ ತಗಡೂರು, ಚಿಕ್ಕಯ್ಯನಛತ್ರ, ಇನ್ನೂ ಎಲ್ಲೆಲ್ಲಿಂದಲೋ ಕಿವುಡರು ಬಸ್ಸು ಹತ್ತಿ ಬಂದು ನಮ್ಮ ಜಗಲಿಯಲ್ಲಿ ತುಂಬಿಕೊಳ್ಳುತ್ತಿದ್ದರು. ವಾರವಿಡೀ ಊರಲ್ಲಿ ಯಾರ ಜೊತೆಗೂ ಆಡಲಾಗದ ಮಾತೆಲ್ಲ ಅಲ್ಲಿ ಹೊರಗೆ ಬರಬೇಕು. ಅವ್ವ ಕಾಫಿ ಮಾಡಿ ಮಾಡಿ ಸೋಲುತ್ತಿದ್ದಳು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಅಧ್ಯಾಯದಲ್ಲಿ ಜನ ಬಾಯಲ್ಲಿ ಆಡಿದ ಮಾತನ್ನೆಲ್ಲ ಅಕ್ಕ ನನಗೆ ಆಗಲೋ ಆಮೇಲೋ ಕೈಯಲ್ಲಿ ಹೇಳಿದ್ದು. ಬರೆಯುವಾಗ ಪಕ್ಕದಲ್ಲಿ ಕೂತು ಅವರವರ ಧಾಟಿಯನ್ನೂ ಅವಳೇ ಹೇಳಿಕೊಟ್ಟಳು. ಕೈಯ ಮಾತು ನನ್ನ ಕಣ್ಣಾರೆ ಕಂಡದ್ದು. ಅದನ್ನು ಪುಸ್ತಕದ ಕನ್ನಡದಲ್ಲಿ ಬರೆದಿದ್ದೇನೆ, ಏಕೆಂದರೆ ನಮ್ಮ ಕೈಗಳು ಯಾವತ್ತೂ ಹಕಾರ ಬಿಟ್ಟು ಮಾತಾಡಿಲ್ಲ.

ನನಗೆ ಏಳು ತುಂಬಿದ ಮೇಲೆ, ಅಪ್ಪನ ತಮ್ಮ ಬಸವರಾಜು ಚಿಕ್ಕಪ್ಪ ನನ್ನನ್ನು ಮೈಸೂರಿನ ಒಬ್ಬ ಕಿವಿ ಡಾಕ್ಟರರಿಗೆ ತೋರಿಸಬೇಕೆಂದು ಹಟ ಹಿಡಿದ. ಚಿಕ್ಕಪ್ಪನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ತಾಂಡವಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ಮನೆ. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಕೈಯಲ್ಲೇ ಮಾತಾಡಿ ಬೆಳೆದವನು, ಮೀಸೆ ಬಂದ ಮೇಲೆ ನಾಚಿಕೆಯಾಗಿ ಬಿಟ್ಟಿದ್ದ. ಅವನ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ನಮ್ಮನ್ನು ಉದ್ಧಾರ ಮಾಡಲು ಹೊರಟವರೆಲ್ಲ ನಮ್ಮ ಮೇಲೆ ಪ್ರೀತಿ ಇದ್ದವರೇ.

"ಅಣ್ಣನ್ನ ಊರೆಲ್ಲಾ ಮೂಗಪ್ಪ ಅಂತದೆ, ಅತ್ತಿಗೇನ ಮೂಗಿ ಅಂತದೆ," ಎಂದು ಅವನು ಅಜ್ಜಿಗೆ ಹೇಳಿದ. "ಈ ಮಗೀಗಾದ್ರೂ ಜನ ಎಸ್ರಿಡ್ದು ಕೂಗ್ಲಿ ಕಣವ್ವಾ."

ಡಾಕ್ಟರು ಒಳ್ಳೆಯ ಮನುಷ್ಯ. ನನ್ನ ಕೈಗೆ ಪೆಪ್ಪರ್‌ಮಿಂಟು ಕೊಟ್ಟು, ತಲೆ ಸವರಿ, ಕಿವಿಗೆ ಏನೇನೋ ಹಾಕಿ ಪರೀಕ್ಷಿಸಿದರು. ನನಗೆ ಎಷ್ಟು ಕೇಳಿಸುವುದಿಲ್ಲ ಎಂಬುದನ್ನು ಅವರ ಯಂತ್ರ ಅಳೆಯಿತು. ನಾನು ಎಷ್ಟು ಮಾತಾಡುತ್ತೇನೆ ಎಂದು ಅಳೆಯುವ ಯಂತ್ರ ಅವರ ಹತ್ತಿರ ಇರಲಿಲ್ಲ, ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಅಪ್ಪ ಅವ್ವ ಎದುರಿಗೇ ಕೂತಿದ್ದರೂ ಅವರು ಮಾತಾಡಿದ್ದು ಅಜ್ಜಿ ಮತ್ತು ಚಿಕ್ಕಪ್ಪನ ಜೊತೆ.

"ನೋಡಿ, ಸೋದರ ಸಂಬಂಧದಲ್ಲಿ ಮದುವೆ ಮಾಡಿದ್ದೀರಿ. ಇಬ್ಬರಿಗೂ ಕಿವಿ ಇಲ್ಲ. ಮಗುಗೆ ಇನ್ನೇನು ಬರುತ್ತೆ ಹೇಳಿ. ಮಿಷನ್ ಕೊಡ್ತೀನಿ, ದಿನಾ ಹಾಕಿ, ಮಾತು ಕಲಿಸಿ. ಮುಖ್ಯವಾಗಿ ಮನೇಲಿ ಕೈ ಸನ್ನೆ ಪೂರ್ತಿ ನಿಲ್ಲಿಸಬೇಕು. ಕೈಯಲ್ಲೇ ಕೆಲಸ ಆಗ್ತಾ ಇದ್ರೆ ಬಾಯಿ ಸೋಮಾರಿ ಆಗುತ್ತೆ."

ಅಜ್ಜಿ ಕುಸಿದದ್ದು ಮದುವೆಯ ಮಾತಿಗೆ. ಅವ್ವ ಅವಳ ತಮ್ಮನ ಮಗಳು, ತಿರುಮಕೂಡಲು ನರಸೀಪುರದವಳು. ಮಗನಿಗೆ ತಕ್ಕ ಜೋಡಿ ಸಿಕ್ಕಿತು ಎಂದು ತಾನೇ ಹೋಗಿ ಹೆಣ್ಣು ಕೇಳಿ ತಂದಿದ್ದಳು. ಅದು ತನ್ನ ಬಾಳಿನ ಒಳ್ಳೆಯ ಕೆಲಸ ಎಂದು ಅದುವರೆಗೆ ನಂಬಿದ್ದಳು.

"ಗೊತ್ತಿಲ್ದೆ ಮಾಡ್ಬುಟ್ಟೆ ಸಾಮಿ," ಎಂದಳು. "ಇಬ್ರೂ ಕೈಲಿ ಮಾತಾಡ್ಕಂಡು ಚೆಂದಾಗಿರ್ತವೆ ಅಂತ ನಾನೇ ತಂದ್ಕಂಡೆ."

ಮನೆಗೆ ಬಂದವಳೇ ಕಾನೂನು ಮಾಡಿದಳು. ಮಗುವಿನ ಎದುರು ಯಾರೂ ಕೈ ಎತ್ತಕೂಡದು. ಅಪ್ಪ ತಾಯಿಯ ಮುಖ ನೋಡಿ ಒಪ್ಪಿಕೊಂಡ. ಮಾರನೆಯ ದಿನದಿಂದ ಅವ್ವ ನನ್ನ ಮುಂದೆ ಬಂದರೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ಅಪ್ಪ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದ, ಶಾಲೆಯಲ್ಲಿ ಶಿಕ್ಷೆಗೆ ನಿಂತವನ ಹಾಗೆ. ಊಟಕ್ಕೆ ಸುತ್ತ ಕೂತರೂ ಎಡಗೈಗಳೆಲ್ಲ ಮಡಿಲಲ್ಲಿ. ಅವರಿಬ್ಬರು ತಮ್ಮ ಮಾತನ್ನು ಗಿರಣಿಯ ಹಿಂದಿನ ಚೀಲದ ಕೋಣೆಯಲ್ಲಿ ಕದ್ದು ಆಡಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಅವರ ಕೈಗಳ ನೆರಳು ಕಂಡು ನಾನು ಓಡಿ ಹೋದರೆ ನೆರಳು ನಿಂತುಬಿಡುತ್ತಿತ್ತು. ಕಿವುಡುತನ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಬೇಸಿಗೆಯಲ್ಲಿ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಆ ವಸ್ತುವೇ ಇರಲಿಲ್ಲ. ನಾನು ಏನು ತಪ್ಪು ಮಾಡಿದೆನೆಂದು ನನ್ನ ಜೊತೆ ಟೂ ಬಿಟ್ಟಿದ್ದಾರೆ ಎಂದು ಯೋಚಿಸಿ ಯೋಚಿಸಿ, ತಿಳಿಯದೆ, ಅವ್ವನ ಸೆರಗಿನೊಳಗೆ ಕೈ ಹಾಕಿ ಅವಳ ಕೈಯನ್ನು ಹೊರಗೆ ಎಳೆಯುತ್ತಿದ್ದೆ. ಅವಳು ಅಳುತ್ತಿದ್ದಳು, ಕೈ ಮಾತ್ರ ಬಿಚ್ಚುತ್ತಿರಲಿಲ್ಲ. ನನಗೆ ಬಂದ ಸಿಟ್ಟಿಗೆ ಒಮ್ಮೆ ಅವಳ ಕನ್ನಡಿಯ ಮೇಲೆ ಮಸಿ ಬಳಿದೆ.

ಮಿಷನ್ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಒಂದು ಪೆಟ್ಟಿಗೆ. ಅವ್ವ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿ ಅದನ್ನು ಎದೆಯ ಮೇಲೆ ಕಟ್ಟಿ, ಅದರಿಂದ ಹೊರಟ ವೈರನ್ನು ಕಿವಿಗೆ ಸಿಕ್ಕಿಸುತ್ತಿದ್ದರು. ಅದನ್ನು ನಾನು ದ್ವೇಷಿಸಿದೆನೆಂದು ಹೇಳಲಾರೆ. ಬಸ್ಸಿನ ಹಾರನ್ನು, ಪಾತ್ರೆ ಬಿದ್ದದ್ದು, ಹೀಗೆ ಒಂದೆರಡು ಗಲಾಟೆಗಳು ಅದರಿಂದ ತಲೆಯೊಳಗೆ ಬಂದು ಹೋಗುತ್ತಿದ್ದವು. ಆದರೆ ಮಾತು ಬರಲಿಲ್ಲ. ಅಜ್ಜಿ ನನ್ನ ಬಾಯಿಯ ಮುಂದೆ ಕಾಗದದ ಚೂರು ಹಿಡಿದು 'ಪ ಪ ಪ' ಅನ್ನಿಸುತ್ತಿದ್ದಳು. ಕಾಗದ ಅಲುಗಿದರೆ ಕಡಲೆಬೀಜ. ಕಾಗದ ಅಲುಗಿಸುವುದನ್ನು ನಾನು ಚೆನ್ನಾಗಿ ಕಲಿತೆ. ಭಾನುವಾರದ ಗೆಳೆಯರನ್ನು ಚಿಕ್ಕಪ್ಪ ಬಾಗಿಲಲ್ಲೇ ತಡೆದು, ಮಗುವಿಗೆ ಟ್ರೀಟ್‌ಮೆಂಟ್ ನಡೀತಿದೆ ಎಂದು ವಾಪಸು ಕಳಿಸಿದ. ಕೈ ಮಾತು ನಿಲ್ಲಿಸಿ ಎಂದು ಹೇಳಲು ಪಾಪ ಅವನು ಕೈಯನ್ನೇ ಆಡಿಸಬೇಕಾಯಿತು. ಆಮೇಲೆ ಜಗಲಿಯಲ್ಲಿ ಬೆಕ್ಕು ಮಲಗತೊಡಗಿತು.

ಅದೇ ಬೇಸಿಗೆಯ ಕೊನೆಗೆ ನರಸೀಪುರದಲ್ಲಿ, ಅಜ್ಜಿಯ ತಮ್ಮನ ಮನೆಯಲ್ಲಿ, ನನಗೆ ಲಿಂಗದೀಕ್ಷೆ ಎಂದು ನಿಶ್ಚಯವಾಗಿತ್ತು. ದೀಕ್ಷೆಯಲ್ಲಿ ಗುರುಗಳು ಮಗುವಿನ ಬಲಗಿವಿಯಲ್ಲಿ ಮಂತ್ರ ಉಸುರಬೇಕು. ಅದು ಬೇರೆ ಯಾರಿಗೂ ಕೇಳಬಾರದು. ಗುರುವಿನ ಬಾಯಿಗೂ ಶಿಷ್ಯನ ಕಿವಿಗೂ ಇರುವ ಗುಟ್ಟು ಅದು. ಕಿವಿಯೇ ಇಲ್ಲದವಳಿಗೆ ಹೇಗೆ ಎಂದು ನೆಂಟರಲ್ಲಿ ಗುಸುಗುಸು ನಡೆದಿತ್ತಂತೆ. ಅಂಗಳದಲ್ಲಿ ಚಾಪೆ ಹಾಸಿ, ರಂಗೋಲಿ ಬಿಟ್ಟು, ನನಗೆ ವಿಭೂತಿ ಧರಿಸಿ ಕೂರಿಸಿದ್ದರು. ಎದೆಯ ಮೇಲೆ ಪೆಟ್ಟಿಗೆ ಇತ್ತು. ಪಕ್ಕದ ಹಳ್ಳಿಯ ಸಣ್ಣ ಮಠದ ವಯಸ್ಸಾದ ಸ್ವಾಮಿಗಳು ನನ್ನ ಕಿವಿಯ ಕಡೆ ಬಾಗಿದರು. ಅಷ್ಟರಲ್ಲಿ ಚಿಕ್ಕಪ್ಪ ಅಡ್ಡ ಬಂದ.

"ಅಲ್ಲಲ್ಲ ಬುದ್ದೀ. ಕಿವಿ ತಾವು ಏಳುದ್ರೆ ಕೇಳ್ಸಲ್ಲ. ಮಿಷನ್ಗೆ ಕಿವಿ ಇರಾದು ಪೆಟ್ಟಿಗೇಲಿ. ಎದೆ ತಾವು ಏಳ್ಬೇಕು."

"ಎದೆ ಮೇಲದಾ ಈ ಮಗೀನ ಕಿವಿ?" ಎಂದರು ಸ್ವಾಮಿಗಳು.

ಆದರೂ ಬಾಗಿ ಪೆಟ್ಟಿಗೆಗೆ ಮಂತ್ರ ಉಸುರಿದರು. ನಾನು ಅಲುಗಾಡಲಿಲ್ಲ. ಉಸುರಿದರೆ ಅದಕ್ಕೆ ಸಾಲದು, ಸ್ವಲ್ಪ ಜೋರಾಗಿ ಅನ್ನಿ ಎಂದ ಚಿಕ್ಕಪ್ಪ. ಸ್ವಾಮಿಗಳು ಸ್ವಲ್ಪ ಜೋರು ಮಾಡಿದರು. ಇನ್ನೂ ಜೋರು ಎಂದ. ಕೊನೆಗೆ ಅವರು ಅಂದ ಮಂತ್ರ ಅಂಗಳ ದಾಟಿ, ಪಕ್ಕದ ಮನೆಯಲ್ಲಿ ಎಮ್ಮೆ ಕರೆಯುತ್ತಿದ್ದವಳಿಗೂ ಕೇಳಿಸಿತಂತೆ. ಪೆಟ್ಟಿಗೆಯೂ ಕುಂಯ್ ಎಂದಿತಂತೆ. ಆ ಗುಟ್ಟಿನ ಮಂತ್ರ ಅಲ್ಲಿದ್ದವರಿಗೆಲ್ಲ ಸಿಕ್ಕಿತು, ನನ್ನನ್ನೂ ಅಪ್ಪ ಅವ್ವನನ್ನೂ ಬಿಟ್ಟು. ಈಗ ಹೇಳು ಎಂಬಂತೆ ಸ್ವಾಮಿಗಳು ನನ್ನ ಮುಖ ನೋಡಿದರು. ದೊಡ್ಡವರು ಹತ್ತಿರ ಬಂದು ಬಾಯಿ ಅಗಲಿಸಿದರೆ ಏನು ಮಾಡಬೇಕೆಂದು ನನಗೆ ಕಲಿಸಿದ್ದರಲ್ಲ. ನಾನು ಸ್ವಾಮಿಗಳ ಮುಖಕ್ಕೇ ಗಾಳಿ ಊದುತ್ತ 'ಪ ಪ ಪ' ಎಂದೆ.

ಅಂಗಳದಲ್ಲಿ ಎಲ್ಲರ ಬಾಯಿಗಳು ತೆರೆದುಕೊಂಡವು, ಹೊಟ್ಟೆಗಳು ಕುಣಿದವು. ಜನ ನಗುವುದು ಕಿವುಡರಿಗೆ ಚೆನ್ನಾಗಿ ಕಾಣುತ್ತದೆ. ನನಗೆ ಸತ್ತುಹೋಗಬೇಕೆನಿಸಿತು. ಆಗ ನೆಲ ನಡುಗಿತು. ಅವ್ವ ಕಾಲು ಅಪ್ಪಳಿಸಿ ನನ್ನನ್ನು ಕರೆಯುತ್ತಿದ್ದಳು. ತಿರುಗಿ ನೋಡಿದೆ. ಹೆಂಗಸರ ಗುಂಪಿನಿಂದ ಮುಂದೆ ಬಂದು ನಿಂತಿದ್ದಳು. ಸೆರಗಿನೊಳಗಿಂದ ಎರಡೂ ಕೈಗಳನ್ನು ಹೊರಗೆ ತೆಗೆದಳು. ಎಲ್ಲರೆದುರು, ಸ್ವಾಮಿಗಳೆದುರು, ಮೊದಲು ಕೈ ಜೋಡಿಸಿದಳು. ಆಮೇಲೆ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಬಿಡಿಸಿ ಹಿಡಿದು, ಬಲಮುಷ್ಟಿಯನ್ನು ಹೆಬ್ಬೆಟ್ಟು ಮೇಲಾಗಿ ಅದರ ಮೇಲೆ ಇಟ್ಟಳು. ನಮಃ ಶಿವಾಯ. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದನ್ನು ತಿರುಗಿ ಹೇಳಿದೆ. ಇನ್ನೊಮ್ಮೆ ಹೇಳಿದೆ. ಅವ್ವನ ಕೈ ವಾಪಸು ಬಂದಿತ್ತು, ಮಂತ್ರ ಯಾವುದಾದರೇನು ಎಂಬಷ್ಟು ಖುಷಿ ನನಗೆ.

ಯಾರೂ ನಗುತ್ತಿರಲಿಲ್ಲ. ಸ್ವಾಮಿಗಳು ಅಕ್ಕನನ್ನು ಹತ್ತಿರ ಕರೆದರು.

"ಏನಂದ್ರವ್ವ ನಿಮ್ಮವ್ವ?"

"ಮಂತ್ರ ಏಳುದ್ರು ಬುದ್ದಿ."

"ಅವ್ರಿಗೆ ಯಾರು ಏಳ್ಕೊಟ್ರಂತೆ?"

ಅವ್ವ ಉತ್ತರ ಕೊಡುವ ಮೊದಲೇ ಅಜ್ಜಿ ಎದ್ದು ನಿಂತಳು.

"ನಾನೇ ಬುದ್ದಿ. ನನ್ ಮಗಂಗೆ ದೀಕ್ಷೆ ಆದಾಗ ಗುರುಗಳು ಕಿವೀಲಿ ಏಳಿ ಒಂಟೋದ್ರು. ಅವ್ನು ಲಿಂಗವ ಗೋಲಿ ಮಾಡ್ಕಂಡು ಆಡ್ತಿದ್ದ. ನಂಗೆ ತಡಿನಾರ್ದೆ ಇಂಗೆ ಕೈಗೆ ಏಳ್ಕೊಟ್ಟೆ. ಆಮೇಕೆ ಸೊಸೆಗೂ ಏಳ್ಕೊಟ್ಟೆ. ತಪ್ಪಾಗಿದ್ರೆ ನಂದೇಯ."

ಅಕ್ಕ ಇದನ್ನು ಕೈಗೆ ತರುತ್ತಿದ್ದಾಗ ಅಪ್ಪ ತಾಯಿಯನ್ನೇ ನೋಡುತ್ತಿದ್ದ. ತಾನು ದಿನವೂ ಪೂಜೆಗೆ ಮುಂಚೆ ಹೇಳುವ ಕೈಮಂತ್ರ ಗುರುಗಳು ತಾಯಿಯ ಮೂಲಕ ಕಳಿಸಿದ್ದಲ್ಲ, ತಾಯಿ ತಾನೇ ಕಟ್ಟಿದ್ದು ಎಂದು ಅವನಿಗೂ ಆವತ್ತೇ ಗೊತ್ತಾದದ್ದು.

"ತಪ್ಪೇನು ಬಂತವ್ವ," ಎಂದರು ಸ್ವಾಮಿಗಳು. "ಗುರು ಬಾಯಿಂದ ಬರ್ಬೇಕು ಅಂತೀವಿ. ಲಿಂಗ ಕೂರಾದು ಅಂಗೈ ಮೇಲಲ್ವಾ? ಮಂತ್ರಾನೂ ಅಲ್ಲಿಗೇ ಬರ್ಲಿ. ಇನ್ನೊಂದ್ಸಲ ತೋರ್ಸೇಳು ನಿಮ್ಮವ್ವಂಗೆ, ನಾನು ಕಲ್ತ್ಕತೀನಿ."

ಅವ್ವ ತೋರಿಸಿದಳು. ಸ್ವಾಮಿಗಳು ಮಾಡಿದರು. ಅವರ ಹೆಬ್ಬೆಟ್ಟು ಮಲಗಿಬಿಟ್ಟಿತ್ತು. ಅವ್ವ ತಲೆ ಆಡಿಸಿ, ತನ್ನ ಹೆಬ್ಬೆಟ್ಟನ್ನು ನೆಟ್ಟಗೆ ಮಾಡಿ ತೋರಿಸಿದಳು. ಅವರೂ ನೆಟ್ಟಗೆ ಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಅವರ ಬೆನ್ನು ಜನರಿಗೆ ಇರುವಂತೆ ಕೂತು, ಯಾರಿಗೂ ಕಾಣದ ಹಾಗೆ ಎದೆಯ ಹತ್ತಿರ ಕೈ ಇಟ್ಟುಕೊಂಡು, ನನಗೊಬ್ಬಳಿಗೇ ಮಂತ್ರ ಹೇಳಿದರು. ಗುಟ್ಟು ಎಂದರೆ ಹೇಗಿರಬೇಕೋ ಹಾಗೆ. ನಾನು ತಿರುಗಿ ಹೇಳಿದ ಮೇಲೆ ನನ್ನ ಅಂಗೈಯಲ್ಲಿ ಲಿಂಗ ಇಟ್ಟರು.

ಆವತ್ತಿನ ಊಟಕ್ಕೆ ನರಸೀಪುರದ ಮನೆಯಲ್ಲಿ ಉದ್ದಕ್ಕೆ ಎಲೆ ಹಾಕಿದ್ದರು. ಅಜ್ಜಿ ತನ್ನ ಎಲೆ ಎತ್ತಿಕೊಂಡು ಬಂದು ನಮ್ಮ ಎದುರಿಗೆ ಹಾಕಿಕೊಂಡು ಕೂತಳು. ಎಡಗೈ ಎತ್ತಿ, ಪಾಯಸ ಬೇಕಾ ಎಂದು ನನ್ನನ್ನು ಕೇಳಿದಳು. ಕಾನೂನು ಮಾಡಿದವಳೇ ಮುರಿದಳು. ಅಪ್ಪ ಎಷ್ಟು ದಿನದಿಂದ ಕೂಡಿಟ್ಟುಕೊಂಡಿದ್ದನೋ, ಬಡಿಸುವವರು ಸುಸ್ತಾಗುವಷ್ಟು ಮಾತಾಡಿದ. ಆಚೆ ತುದಿಯಲ್ಲಿ ಚಿಕ್ಕಪ್ಪ ಎಲೆ ನೋಡುತ್ತ ಉಣ್ಣುತ್ತಿದ್ದ. ಅಪ್ಪ ಅವನ ಕಡೆ ಒಂದು ಬಾಳೆಹಣ್ಣು ಎಸೆದು, ಹುಡುಗರಾಗಿದ್ದಾಗ ಅವನಿಗೆ ತಾನೇ ಇಟ್ಟಿದ್ದ ಹೆಸರನ್ನು, ಮೂಗು ಚಿವುಟಿ ಎಳೆಯುವ ಆ ಹೆಸರನ್ನು, ಕೈಯಲ್ಲಿ ಕೂಗಿದ. ಚಿಕ್ಕಪ್ಪ ನಕ್ಕುಬಿಟ್ಟ. ಎಡಗೈಯಲ್ಲೇ ಏನೋ ಒರಟಾಗಿ ಬೈದ. ಎಷ್ಟೋ ವರ್ಷಗಳ ಮೇಲೆ ಆಡಿದ ಮಾತಾದ್ದರಿಂದ ಬೆರಳು ತೊದಲುತ್ತಿದ್ದವು.

ಮಳೆಗಾಲ ಹಿಡಿಯುವ ಹೊತ್ತಿಗೆ ಡಾಕ್ಟರರು ಮತ್ತೆ ಬರಲು ಹೇಳಿದ್ದರು. ಹೋಗುವುದು ಬೇಡ ಎಂದ ಚಿಕ್ಕಪ್ಪ. ಹೋಗೋಣ, ಕದ್ದು ಕೂರುವಂಥದ್ದು ಏನು ಮಾಡಿದ್ದೇವೆ ಎಂದ ಅಪ್ಪ. ಅಜ್ಜಿ, ಅಪ್ಪ, ಅವ್ವ, ಅಕ್ಕ, ನಾನು, ಐವರೂ ಹೊರಟೆವು. ಅಜ್ಜಿಗೆ ಒಳಗೊಳಗೆ ಹೆದರಿಕೆ ಇತ್ತೆಂದು ಕಾಣುತ್ತದೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದಿದ್ದಳು. ಡಾಕ್ಟರರು ತಮ್ಮ ಬಾಯಿಗೆ ಕಾಗದ ಅಡ್ಡ ಹಿಡಿದು ಏನೇನೋ ಹೇಳಿ, ನಾನು ಮೇಜಿನ ಮೇಲಿನ ಬೊಂಬೆಗಳಲ್ಲಿ ಯಾವುದನ್ನು ಎತ್ತಿಕೊಡುತ್ತೇನೆ ಎಂದು ಕಾದರು. ನನಗೆ ಬೇಕಾದ ಬೊಂಬೆಯನ್ನು ನಾನು ಎತ್ತಿಕೊಂಡೆ.

"ಮನೇಲಿ ಸನ್ನೆ ನಿಲ್ಲಿಸಿಲ್ಲ ಅನ್ಸುತ್ತೆ," ಎಂದರು ಡಾಕ್ಟರರು.

ಅಪ್ಪ ಎದ್ದು ನಿಂತ. ಅವನ ಕೈ ಮುಂದೆ ಮುಂದೆ, ಅಕ್ಕನ ಬಾಯಿ ಹಿಂದೆ ಹಿಂದೆ.

"ನಿಲ್ಲಿಸಿದ್ದೆವು. ಈಗ ಮತ್ತೆ ಶುರು ಮಾಡಿದ್ದೇವೆ. ಅವಳ ಕಿವಿಗೆ ಏನು ಮಾಡಲು ಆಗುತ್ತದೋ ಮಾಡಿ, ಬೇಡ ಎನ್ನುವುದಿಲ್ಲ. ಮಿಷನ್ ಹಾಕುತ್ತೇವೆ. ಬಾಯಿಯ ಮಾತು ಬಂದರೆ ಬರಲಿ. ಆದರೆ ಕೈ ನಮ್ಮದು, ಅದನ್ನು ಕಟ್ಟುವುದಿಲ್ಲ."

ಹನ್ನೆರಡು ವರ್ಷದ ಅಕ್ಕ ಒಂದು ಮಾತನ್ನೂ ಬಿಡಲಿಲ್ಲ. ಡಾಕ್ಟರರು ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ, ಬೇಸರದಿಂದ ತಲೆ ಆಡಿಸಿದರು.

"ಹೀಗಾದ್ರೆ ಈ ಮಗುಗೆ ಭಾಷೆ ಅನ್ನೋದೇ ಬರಲ್ಲಮ್ಮ."

ಅಕ್ಕ ಅದನ್ನೂ ನಮಗೆ ಕೈಯಲ್ಲಿ ಹೇಳಿದಳು. ನಾನು ಅಷ್ಟು ಹೊತ್ತು ಡಾಕ್ಟರರನ್ನೇ ನೋಡುತ್ತಿದ್ದೆ. ಅಪ್ಪ ಮಾತಾಡುವಾಗ ಅವರು ಅಪ್ಪನನ್ನು ನೋಡುತ್ತಿರಲಿಲ್ಲ, ಅಕ್ಕನ ಬಾಯಿಯನ್ನು ನೋಡುತ್ತಿದ್ದರು. ಅವ್ವ ನಡುವೆ ಒಂದು ಮಾತು ಸೇರಿಸಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಇಷ್ಟು ದೊಡ್ಡ ಮನುಷ್ಯ, ಇಷ್ಟು ಒಳ್ಳೆಯವರು, ಪೆಪ್ಪರ್‌ಮಿಂಟು ಕೊಡುವವರು, ನಮ್ಮ ನಡುವೆ ಒಬ್ಬರೇ ಏನೂ ತಿಳಿಯದೆ ಕೂತಿದ್ದಾರಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು. ಬೊಂಬೆಯನ್ನು ಮೇಜಿನ ಮೇಲೆ ಇಟ್ಟು ಅಕ್ಕನನ್ನು ಕೇಳಿದೆ:

"ಇವರಿಗೆ ಕೈ ಮಾತು ಬರುವುದಿಲ್ಲವಾ? ಚಿಕ್ಕವರಿದ್ದಾಗ ಇವರ ಮನೆಯಲ್ಲಿ ಯಾರೂ ಕಲಿಸಲಿಲ್ಲವಾ? ಪಾಪ. ಭಾನುವಾರ ನಮ್ಮ ಜಗಲಿಗೆ ಬರಲು ಹೇಳು, ಅವ್ವ ಕಲಿಸುತ್ತಾಳೆ."

ಅವ್ವ ಸೆರಗು ಕಚ್ಚಿಕೊಂಡಳು. ಅಪ್ಪ ಫ್ಯಾನು ನೋಡತೊಡಗಿದ.

"ಏನಂತೆ?" ಎಂದರು ಡಾಕ್ಟರರು.

ಅಕ್ಕನಿಗೆ ಹೇಳಲು ಧೈರ್ಯ ಬರಲಿಲ್ಲ. ಅಜ್ಜಿ ಎದ್ದು ಮುಂದೆ ಬಂದಳು. ಮೊದಲ ಸಲ ಇದೇ ಕೋಣೆಯಲ್ಲಿ ತಲೆ ತಗ್ಗಿಸಿದ್ದವಳು ಈಗ ಮುಖವೆಲ್ಲ ನಗುವಾಗಿ ನಿಂತಿದ್ದಳು. ಅವರಿಗೂ ಕೇಳಲಿ, ನಮಗೂ ಕಾಣಲಿ ಎಂದು, ಬಾಯಲ್ಲೂ ಕೈಯಲ್ಲೂ ಒಟ್ಟಿಗೆ ಹೇಳಿದಳು:

"ನನ್ ಮೊಮ್ಮಗ್ಳಿಗೆ ಭಾಷೆ ಬಂದದೆ ಸಾಮಿ. ನಿಮಗೆ ಬರಲ್ವಲ್ಲಾ ಅಂತ ಮರುಗ್ತಾವ್ಳೆ."